ಕಡೆಯ ಮಡಿ

ಮುರಿಗೆವ್ವನಿಗೆ ಹೊಲವಿರಲಿಲ್ಲ. ಎರಡು ಎಮ್ಮೆಗಳಿದ್ದವು, ಮನೆಯ ಹಿಂದೆ ಒಂದು ತಿಪ್ಪೆಯಿತ್ತು. ವರ್ಷವಿಡೀ ಬಿದ್ದ ಸಗಣಿ, ಬೂದಿ, ಎಮ್ಮೆ ತಿಂದು ಬಿಟ್ಟ ಜೋಳದ ಕಣಿಕೆ ಎಲ್ಲ ಅದರಲ್ಲಿ ಕೊಳೆತು ಕರ್ರಗೆ ಪುಡಿಯಾಗಿತ್ತು. ಬಬಲೇಶ್ವರದ ಸಂಗಣ್ಣಗೌಡನ ಬಾವಿತೋಟದಲ್ಲಿ ಅವಳು ಹದಿನಾಲ್ಕು ವರ್ಷದಿಂದ ಕೂಲಿ. ಆ ತೋಟದಲ್ಲಿ ಗೌಡನ ಅಜ್ಜನ ಕಾಲದಿಂದ ಒಂದು ರೂಢಿ: ಯಾರ ತಿಪ್ಪೆಯ ಗೊಬ್ಬರ ಬೀಳುತ್ತದೋ, ಕಡೆಯ ಮಡಿಯ ಕಾಯಿ ಅವರಿಗೆ. ಆ ಮಡಿಯ ಬದನೆಕಾಯಿ ಸಂತೆಗೆ ಹೋದರೆ ಮುರಿಗೆವ್ವನ ಮನೆಗೆ ಜೋಳ ಬರುತ್ತಿತ್ತು. ಹೋಗದಿದ್ದರೆ ರೇಷನ್ ಜೋಳ. ಅದರಲ್ಲಿ ಕಲ್ಲೂ ಬರುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಹೆಚ್ಚು ಬೆಳೆಯಿರಿ ಎಂದು ಸರ್ಕಾರ ಗೌಡನಿಗೆ ಬಿಳಿ ಗೊಬ್ಬರದ ಚೀಲಗಳನ್ನು ಕೊಟ್ಟಿತು.

"ಇನ್ನ ನಿನ್ನ ತಿಪ್ಪಿ ಬ್ಯಾಡ ಬೇ," ಎಂದ ಗೌಡ.

"ಮತ್ತ ಕಡೀ ಮಡಿರೀ?"

"ತಿಪ್ಪಿ ಇಲ್ಲಂದ್ರ ಮಡಿ ಎಲ್ಲೀದು?"

ಗೌಡ ತಾನೇ ನಿಂತು ಒಂದೊಂದು ಗಿಡದ ಬುಡಕ್ಕೆ ಒಂದೊಂದು ಬೊಗಸೆ ಬಿಳಿ ಗೊಬ್ಬರ ಹಾಕಿಸಿದ. ಪುಕ್ಕಟೆ ಬಂದದ್ದರಲ್ಲಿ ಅವನ ಕೈ ಬಹಳ ಧಾರಾಳ. ಎಂಟು ದಿನಕ್ಕೆ ಎಲೆಗಳ ಅಂಚು ಸುಟ್ಟಿತು. ಹದಿನೈದು ದಿನಕ್ಕೆ ತೋಟವೆಲ್ಲ ಒಣಗಿ ನಿಂತಿತು.

"ನೀರ ಹಾಯಿಸಾಕ ಬರಂಗಿಲ್ಲೇನ ನಿನಗ?" ಎಂದು ಮುರಿಗೆವ್ವನಿಗೇ ಬೈದ.

ವಿಜಾಪುರದಿಂದ ಕೃಷಿ ಖಾತೆಯ ಈರಯ್ಯ ಸಾಹೇಬರು ಬಂದು ನೋಡಿ ಹಣೆ ಬಡಿದುಕೊಂಡರು. "ಗೌಡ್ರ, ಇದು ಚಿಟಿಕಿ ಲೆಕ್ಕದಾಗ ಹಾಕೂ ಮಾಲು. ಮೊದಲ ತಿಪ್ಪಿ ಗೊಬ್ಬರ ಹಾಕ್ರಿ, ಆಮ್ಯಾಲ ಇದು. ಎರಡೂ ಕೂಡಿದ್ರನ ಬೆಳಿ."

ಅಂದೇ ಸಂಜೆ ಗೌಡ ಮುರಿಗೆವ್ವನ ಮನೆಗೆ ಬಂದ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

"ತಿಪ್ಪಿ ಕೊಡವಾ. ಕಡೀ ಮಡಿ ನಿಂದ. ನನ್ನ ಮಾತಂದ್ರ ಮಾತು."

ಆರು ಬಂಡಿ ಗೊಬ್ಬರ ಹೋಯಿತು. ತಿಪ್ಪೆಯ ಜಾಗದಲ್ಲಿ ಗುಂಡಿ ಉಳಿಯಿತು. ಮುರಿಗೆವ್ವ ಮಡಿಮಡಿಗೂ ಗೊಬ್ಬರ ಹರವಿದಳು, ಹೊಸ ಸಸಿ ನೆಟ್ಟಳು, ಬಿಳಿ ಗೊಬ್ಬರವನ್ನು ಚಿಟಿಕೆ ಚಿಟಿಕೆಯಾಗಿ ಬುಡದಿಂದ ದೂರ ಹಾಕಿ ನೀರು ಬಿಟ್ಟಳು. ಗಿಡಗಳು ಕಾಯಿಯ ಭಾರಕ್ಕೆ ನೆಲಕ್ಕೆ ಬಾಗಿದವು.

ಕಾಯಿ ಹರಿಯುವ ಕೊಯ್ಲಿನ ದಿನ ಮುರಿಗೆವ್ವ ಬುಟ್ಟಿ ಹಿಡಿದು ಹೋದಳು. ಗೌಡ ಕಡೆಯ ಮಡಿಗೆ ಮುಳ್ಳಿನ ಬೇಲಿ ಹಚ್ಚಿಸಿದ್ದ.

"ಇದು ಈಗ ಸರಕಾರದ ಮಾದರಿ ತ್ವಾಟ. ಇದರಾಗ ಆಳಿನ ಮಡಿ ಇರಬಾರದು. ಕಾಯ್ದೆ ಐತಿ."

ಅಂಥ ಕಾಯ್ದೆ ಎಲ್ಲೂ ಇರಲಿಲ್ಲ. ಅದು ಗೌಡನ ಬಾಯಲ್ಲಿ ಆಗಷ್ಟೇ ಹುಟ್ಟಿತ್ತು. ಕೊಡೆನೆನ್ನಲು ಮುರಿಗೆವ್ವನ ಹತ್ತಿರ ಇನ್ನು ತಿಪ್ಪೆಯೂ ಇರಲಿಲ್ಲ.

ಹೊತ್ತೇರುವಾಗ ಈರಯ್ಯ ಸಾಹೇಬರು ಬಂದರು. ತೋಟ ನೋಡಲು ಊರೂ ಬಂದಿತ್ತು. ಸಾಹೇಬರು ಒಂದು ಬದನೆಕಾಯಿ ಎತ್ತಿ ಹಿಡಿದರು.

"ಇದು ಹೆಂಗ ಬಂತು? ಅರ್ಧಾ ತಿಪ್ಪೀ ಪುಣ್ಯಾ, ಅರ್ಧಾ ಸರಕಾರದ ಪುಣ್ಯಾ. ಇಷ್ಟ ನೋಡ್ರಿ."

"ಸಾಹೇಬ್ರ," ಎಂದಳು ಮುರಿಗೆವ್ವ. "ತಿಪ್ಪಿ ನಂದು. ಸರಕಾರ ನಿಮ್ದು. ಗೌಡ್ರದೇನೈತ್ರೀ ಇದರಾಗ?"

ಸಾಹೇಬರಿಗೆ ಕೆಮ್ಮು ಬಂತು.

"ಹೊಲ ನಂದೈತಿ ಬೇ!" ಗೌಡ ಕೂಗಿದ.

"ಖರೇ ಯಪ್ಪಾ. ನೀವು ಬೊಗಸಿಲೇ ಸುರುವಿದಾಗೂ ಹೊಲ ನಿಮ್ದ ಇತ್ತು. ಆವಾಗ ಯಾಕ ಒಂದೂ ಕಾಯಿ ಬಿಡಲಿಲ್ಲ?"

ಯಾರೋ ಕಿಸಕ್ಕನೆ ನಕ್ಕರು. ಮುರಿಗೆವ್ವ ಬರಿಗೈಯಿಂದ ಮುಳ್ಳು ಎಳೆದು ಬದುವಿಗೆ ಎಸೆದಳು. ಅಂಗೈಯಲ್ಲಿ ರಕ್ತ ಬಂತು. ಸೆರಗಿಗೆ ಒರೆಸಿ ಕಾಯಿ ಹರಿಯಲು ಕುಳಿತಳು. ಜೊತೆಯ ಕೂಲಿ ಪೀರಾಂಬಿ ತನ್ನ ಬುಟ್ಟಿ ತಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಉಳಿದ ನಾಲ್ವರು ಕೂಲಿಗಳೂ ಬಂದರು. ಹರಿದ ಕಾಯಿಯೆಲ್ಲ ಮುರಿಗೆವ್ವನ ಬುಟ್ಟಿಗೇ ಬೀಳುತ್ತಿತ್ತು.

"ಯಾರನ್ನ ಕೇಳಿ ಒಳಗ ಬಂದ್ರಿ?" ಗೌಡನ ದನಿ ಒಡೆಯಿತು.

ಮುರಿಗೆವ್ವ ಇನ್ನೊಂದು ಕಾಯಿ ಹರಿದು ಬುಟ್ಟಿಗೆ ಹಾಕಿದಳು.

"ಮುಂದಿನ ವರ್ಷ ನನ್ನ ತಿಪ್ಪಿ ಕೇಳಾಕ ಬರ್ತೀರಲ್ಲ ಗೌಡ್ರ, ಆವಾಗ ಹೇಳ್ತೇನಿ."