ತಣ್ಣೀರಿನ ಪರೀಕ್ಷೆ

೧೯೯೮ರ ಡಿಸೆಂಬರ್ ೧೪, ಸೋಮವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಹಿರಿಯೂರಿನ ಹುಳಿಯಾರು ರಸ್ತೆಯ ಶೆಡ್ಡಿನಲ್ಲಿ ಸಾಜಿದಾ ನೀರಿನ ತೊಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತಿದ್ದಳು. ತೊಟ್ಟಿಯಲ್ಲಿ ಉಕ್ಕಿನ ಸಣ್ಣ ಕೊಳವೆಗಳ ಒಂದು ಕಟ್ಟು ಮುಳುಗಿತ್ತು. ಅದರೊಳಗೆ ತುಂಬಿದ ಗಾಳಿಯ ಒತ್ತಡದ ಮುಳ್ಳು ಎರಡರ ಮೇಲೆ ನಿಂತಿತ್ತು. ಎರಡು ನಿಮಿಷ ಗುಳ್ಳೆ ಏಳದಿದ್ದರೆ ಪಾಸು. ಗುಳ್ಳೆ ಏಳಲಿಲ್ಲ. ಚೀಟಿಯ ಮೇಲೆ ಸಹಿ ಹಾಕಿದಳು. ಆ ಲಾಟಿನಲ್ಲಿ ಅದು ಮೂವತ್ತಾರನೆಯದು, ಕೊನೆಯದು. ಒಂದೂ ಫೇಲಾಗಿರಲಿಲ್ಲ.

ಹೃದಯದ ಆಪರೇಷನ್ ನಡೆಯುವಾಗ ರೋಗಿಯ ರಕ್ತ ಮೈಯಿಂದ ಹೊರಬಂದು, ಒಂದು ಡಬ್ಬಿಯೊಳಗೆ ಆಮ್ಲಜನಕ ತುಂಬಿಕೊಂಡು ಮರಳುತ್ತದೆ. ಆ ಡಬ್ಬಿಯಲ್ಲಿ ರಕ್ತವನ್ನು ಮೊದಲು ತಂಪು ಮಾಡಿ, ಕೊನೆಗೆ ಬೆಚ್ಚಗೆ ಮಾಡುವುದು ಈ ಕಟ್ಟಿನ ಕೆಲಸ. ಕೊಳವೆಯ ಒಳಗೆ ನೀರು, ಹೊರಗೆ ರಕ್ತ. ನಡುವೆ ಕಾಗದದಷ್ಟು ತೆಳ್ಳಗಿನ ಉಕ್ಕು. ಎರಡೂ ಸೇರಿದರೆ ಮಲಗಿದವರು ಏಳುವುದಿಲ್ಲ.

ಸೆಪ್ಟೆಂಬರ್‌ವರೆಗೆ ನೂರಕ್ಕೆ ಹನ್ನೊಂದು ಕಟ್ಟು ಸೋರಿ ಫೇಲಾಗುತ್ತಿದ್ದವು. ಬೆಸುಗೆಯಾದ ಮೇಲೆ ಸಂದಿಗಳಲ್ಲಿ ಕೂತ ಮಸಿ ಬಟ್ಟೆಗೆ ಬರುತ್ತಿರಲಿಲ್ಲ, ಬ್ರಷ್ಷಿಗೂ ಬರುತ್ತಿರಲಿಲ್ಲ. ಒರೆಸುವ ಕೆಲಸದ ನಿಂಗಕ್ಕ ಮನೆಯ ಹಿತ್ತಾಳೆ ದೀಪವನ್ನು ತೊಳೆಯದ ಹಸಿ ಕುರಿ ಉಣ್ಣೆಯಲ್ಲಿ ಉಜ್ಜಿದ್ದನ್ನು ನೋಡಿ, ಅದನ್ನೇ ಇಲ್ಲೂ ಮಾಡಿಸಿದವಳು ಸಾಜಿದಾ. ಮಸಿ ಹೋಯಿತು. ಅದೇ ತಿಂಗಳು ಸೋರುವ ಕಟ್ಟುಗಳೂ ಇಲ್ಲವಾದವು. ಯಜಮಾನ ತಿಮ್ಮರಾಯಪ್ಪ ಅವಳ ಹೆಸರನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಸಿ, ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು. ಅಂದಿನಿಂದ ಸಾಜಿದಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಸುಗೆ ಹಾಕುವ ಈರಬಸಪ್ಪ ಅವನೇ, ಯಂತ್ರ ಅದೇ, ತಂತಿ ಅದೇ. ಮಸಿ ಒರೆಸಿದರೆ ತೂತು ಯಾಕೆ ಮುಚ್ಚಬೇಕು? ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುವಾಗ ಇಂಥ ಪ್ರಶ್ನೆಯನ್ನು ಅವಳು ಬಿಟ್ಟವಳೇ ಅಲ್ಲ. ಈಗ ಮಾತ್ರ ಅದು ಬಂದಾಗಲೆಲ್ಲ ಬೋರ್ಡಿನ ಕಡೆ ನೋಡಿ ಸುಮ್ಮನಾಗುತ್ತಿದ್ದಳು.

"ಯಾಕವ್ವ, ಮಖ ಹಂಗ್ ಮಾಡ್ಕಂಡಿದೀಯ? ಫೇಲಾದ್ರೂ ಅಳ್ತೀಯ, ಪಾಸಾದ್ರೂ ಅಳ್ತೀಯ," ಎಂದು ನಿಂಗಕ್ಕ ಚಹಾದ ಲೋಟ ಇಟ್ಟಳು.

ಈರಬಸಪ್ಪ ಅಂಗೈ ಉಜ್ಜಿಕೊಳ್ಳುತ್ತ ಬಂದ. ಚಳಿಗೆ ಬೆರಳ ಸಂದಿಗಳೆಲ್ಲ ಒಡೆದು ರಕ್ತ ಜಿನುಗಿತ್ತು. "ಒಂದೀಟು ಕೊಬ್ರಿ ಎಣ್ಣೆ ಐತೇನ್ ನಿಂಗಕ್ಕ?"

"ನನ್ತಾವ ಯಾಕ್ ಇರ್ತೈತೆ? ಈ ವರ್ಷ ಎಣ್ಣೇನೇ ಮುಟ್ಟಿಲ್ಲ. ನೋಡಿಲ್ಲಿ," ಎಂದು ನಿಂಗಕ್ಕ ಎರಡೂ ಅಂಗೈ ಮುಂದೆ ಚಾಚಿದಳು. ಐವತ್ತು ದಾಟಿದವಳ ಕೈ ಬೆಣ್ಣೆಯ ಹಾಗಿತ್ತು.

"ಮದುವಣಗಿತ್ತಿ ಕೈ! ಯಾರಾರ ಗಂಡು ನೋಡಾಣ?"

"ಥೂ, ನಿನ್ ಬಾಯಿಗೆ ಮೊದ್ಲು ಬೆಸುಗೆ ಹಾಕ್ಕ ಹೋಗು. ಕುರಿ ಜಿಡ್ಡು ಕಣಲೇ ಇದು. ಜವನಗೊಂಡನಹಳ್ಳೀಲಿ ನಮ್ಮಪ್ಪನ ಕಂಬಳಿ ಮ್ಯಾಲೆ ಹುಯ್ದ ಮಳೆ ಹಂಗೇ ಜಾರ್ಕಂಡ್ ಹೋಗದು. ಹನಿ ಒಳಕ್ಕೆ ಇಳೀತಿರ್ಲಿಲ್ಲ."

ಸಾಜಿದಾ ಲೋಟವನ್ನು ಬಾಯಿಗೆ ಒಯ್ದವಳು ಹಾಗೇ ಕೆಳಗಿಟ್ಟಳು. ನಿಂಗಕ್ಕನ ಕೈ ಹಿಡಿದು, ಹೆಬ್ಬೆರಳಿನಿಂದ ಅಂಗೈ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಮಿಣುಗುತ್ತಿತ್ತು. ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅವಳ ಅಬ್ಬಾ ಜಹಾಂಗೀರ್, ಕುದಿಯುವ ನೀರು ಹೊಯ್ದು ನೋಡದೆ ಯಾರ ಪಾತ್ರೆಯನ್ನೂ ವಾಪಸು ಕೊಟ್ಟವರಲ್ಲ. ತಾನೋ, ಮೂರು ವರ್ಷದಿಂದ ತಣ್ಣೀರಲ್ಲೇ ನೋಡುತ್ತಿದ್ದಳು.

"ನಿಂಗಕ್ಕ, ಬಕೆಟ್ಟಲ್ಲಿ ನೀರು ಕಾಯಿಸು. ಬೇಗ."

ಸ್ಟೀಲಿನ ಟಬ್ಬಿನಲ್ಲಿ ಒಂದು ಕಟ್ಟನ್ನು ಮುಳುಗಿಸಿ ಗಾಳಿ ಬಿಟ್ಟಳು. ನಿಂಗಕ್ಕ ಚೊಂಬಿನಿಂದ ಬಿಸಿನೀರು ಬೆರೆಸುತ್ತ ಹೋದಳು. ಥರ್ಮಾಮೀಟರು ಹತ್ತೊಂಬತ್ತರಿಂದ ಮೂವತ್ತಕ್ಕೆ, ನಲವತ್ತಕ್ಕೆ ಏರಿತು. ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೂ ಇಲ್ಲ.

"ನನ್ ಬೆಸುಗೆ ಮ್ಯಾಲೆ ನಿಂಗೆ ನಂಬಿಕೇನೇ ಇಲ್ಲ ಬಿಡಮ್ಮ," ಎಂದ ಈರಬಸಪ್ಪ.

ನಾಲ್ಕನೆಯ ಕಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಕೂತಿತು. ಬಿಟ್ಟುಕೊಂಡು ಮೇಲೆ ಬಂತು. ಇನ್ನೊಂದು ಬಂತು. ಆಮೇಲೆ ಮಣಿಸರದ ಹಾಗೆ, ಎಡೆಬಿಡದೆ. ಈರಬಸಪ್ಪ ಬಗ್ಗಿದವನು ಎದ್ದೇಳಲಿಲ್ಲ.

ಹೊಸದುರ್ಗದಿಂದ ತಿಮ್ಮರಾಯಪ್ಪ ಬಂದಿಳಿಯುವಾಗ ಹತ್ತೂವರೆ. ಡಬ್ಬಿ ಜೋಡಿಸಿ ಆಸ್ಪತ್ರೆಗಳಿಗೆ ಕೊಡುವ ಬೆಂಗಳೂರಿನ ಕಂಪನಿಯ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಪೆಟ್ಟಿಗೆಗಳೆಲ್ಲ ಬಿಚ್ಚಿಕೊಂಡು ನೆಲದ ಮೇಲಿದ್ದವು; ಮೂವತ್ತಾರನ್ನೂ ಬಿಸಿನೀರಲ್ಲಿ ನೋಡಿ ಆಗಿತ್ತು.

"ಮೂವತ್ತಾರರಲ್ಲಿ ನಾಲ್ಕು ಸೋರ್ತಾವೆ ಸಾರ್," ಎಂದಳು ಸಾಜಿದಾ. "ಹಳೇ ಲೆಕ್ಕಾನೇ. ನಾವು ಏನೂ ಸುಧಾರಿಸಿಲ್ಲ. ಕುರಿ ಜಿಡ್ಡು ತೂತಿಗೆ ಮೇಣದಂಗೆ ಕೂತ್ಕಳ್ತೈತೆ. ಸೋಪಿಗೂ ಹೋಗಲ್ಲ. ಬಿಸಿ ತಾಗಿದ್ರೆ ಕರಗ್ತೈತೆ."

ತಿಮ್ಮರಾಯಪ್ಪ ಟಬ್ಬಿನತ್ತ ನೋಡಿದರು, ಬೋರ್ಡಿನತ್ತ ನೋಡಿದರು. "ಆ ನಾಲ್ಕನ್ನ ತೆಗೆದಾಕಮ್ಮ. ಮಿಕ್ಕಿದ್ದು ಕಳ್ಸಾಣ. ಇನ್ಮೇಲೆ ಬಿಸಿನೀರಲ್ಲೇ ನೋಡಾಣ."

"ಉಣ್ಣೆ ಬಂದ್ಮೇಲೆ ಹೋಗಿರೋ ಎರಡು ಲಾಟು?"

"ಅವ್ರೂ ನೋಡೇ ತಗಂತಾರೆ ಕಣಮ್ಮ."

"ಅವ್ರೂ ತಣ್ಣೀರಲ್ಲೇ ನೋಡೋದು ಸಾರ್. ನಾನೇ ಕಣ್ಣಾರೆ ನೋಡ್ಕಂಡ್ ಬಂದಿದೀನಿ. ಆಪರೇಷನ್ ಮುಗಿಯೋ ಹೊತ್ನಲ್ಲಿ ರಕ್ತ ಬೆಚ್ಚಗೆ ಮಾಡಕ್ಕೆ ನಲವತ್ತು ಡಿಗ್ರಿ ನೀರು ಬಿಡ್ತಾರೆ. ತೂತು ಬಾಯಿ ತೆಗೆಯೋದು ಆವಾಗ."

ತಿಮ್ಮರಾಯಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಹೊರಗೆ ಲಾರಿಯೊಂದು ಗೇರು ಬದಲಿಸಿಕೊಂಡು ಹೋಯಿತು. "ಫೋನ್ ಮಾಡಿದ್ರೆ ಇನ್ನೊಂದ್ ಆರ್ಡರು ಬರಲ್ಲ, ತಿಳ್ಕ. ತಪ್ಪು ಯಾರ್ದು ಅಂತ ಕೇಳ್ತಾರೆ. ಏನ್ ಹೇಳ್ಲಿ?"

"ಉಣ್ಣೆ ನಂದು ಯಜಮಾನ್ರೇ," ಎಂದಳು ನಿಂಗಕ್ಕ.

"ಒರೆಸು ಅಂದೋಳು ನಾನು," ಎಂದಳು ಸಾಜಿದಾ. "ಚೀಟಿ ಮೇಲೆ ನನ್ ಸಹಿ ಐತೆ. ನಾನೇ ಹೇಳ್ತೀನಿ, ನಂಬರ್ ಹಚ್ರಿ."

ತಿಮ್ಮರಾಯಪ್ಪ ಫೋನನ್ನು ಹತ್ತಿರಕ್ಕೆಳೆದು ನಂಬರ್ ತಿರುಗಿಸಿದರು. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಸಾಜಿದಾ ರಿಸೀವರ್ ತೆಗೆದುಕೊಂಡು ತನ್ನ ಹೆಸರು ಹೇಳಿದಳು, ಎರಡು ಲಾಟುಗಳ ನಂಬರು ಹೇಳಿದಳು, ಯಾವುದನ್ನೂ ಆಸ್ಪತ್ರೆಗೆ ಕೊಡಬೇಡಿ, ಕೊಟ್ಟಿದ್ದರೆ ಈಗಲೇ ತರಿಸಿಕೊಳ್ಳಿ ಎಂದಳು. ಆ ಕಡೆ ಪುಟ ತಿರುವುವ ಸದ್ದು. ಎರಡನೆಯ ಲಾಟು ಇನ್ನೂ ಸ್ಟೋರಿನಲ್ಲೇ ಇದೆ. ಮೊದಲನೆಯದರಲ್ಲಿ ಆರು ಆಸ್ಪತ್ರೆಗೆ ಹೋಗಿವೆ, ನೋಡುತ್ತೇವೆ ಎಂದಿತು ಧ್ವನಿ. ಸ್ವಲ್ಪ ತಡೆದು ಕೇಳಿತು: ಎಷ್ಟು ಡಿಗ್ರಿಯಲ್ಲಿ ಸೋರಲು ಶುರುವಾಯಿತು?

ಆ ನಾಲ್ಕರಲ್ಲಿ ಕೊನೆಯ ಕಟ್ಟು ಟಬ್ಬಿನಲ್ಲೇ ಇತ್ತು. ನೀರು ಆರುತ್ತ ಬಂದಂತೆ ಗುಳ್ಳೆ ಈಗ ಇನ್ನೇನು ನಿಲ್ಲುವ ಹಾಗೆ ನಿಧಾನವಾಗಿ, ಒಂದೊಂದಾಗಿ ಏಳುತ್ತಿತ್ತು. ನಿಂಗಕ್ಕ ನೀರಿನಲ್ಲಿ ಕೈ ಅದ್ದಿದಳು.

"ಬಿಸೀನೇ ಇಲ್ಲವಲ್ಲವ್ವ," ಎಂದಳು ಮೆಲ್ಲಗೆ. "ಹಸುಗೂಸಿಗೆ ಹುಯ್ಯೋ ನೀರಿನಷ್ಟೈತೆ."

ಸಾಜಿದಾ ಫೋನಿನ ವೈರನ್ನು ಎಳೆದಷ್ಟೂ ಎಳೆದು, ಟಬ್ಬಿನ ಮೇಲೆ ಬಗ್ಗಿ, ಪಾದರಸದ ಗೆರೆಯನ್ನು ಓದಿದಳು. ಮೂವತ್ತೊಂಬತ್ತೂವರೆ ಡಿಗ್ರಿ.