ಪೆಡಲು ನಿಲ್ಲುವ ಜಾಗ

ಹಾಡು ಸಂಗ್ರಹಿಸುವ ಮೇಡಂ ನಮ್ಮ ಹೊಲಿಗೆ ಕೋಣೆಗೆ ಬಂದ ದಿನ ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಸೇರಿ ನಮ್ಮಮ್ಮನ ಹಾಡನ್ನು ಹಾಡಿ ಒಪ್ಪಿಸಿದರು, ಅಮ್ಮನ ಸುದ್ದಿಯನ್ನು ಮಾತ್ರ ಒಬ್ಬರೂ ಎತ್ತಲಿಲ್ಲ.

ಬಟ್ಟೆಯ ಬುಟ್ಟೀಲಿ ಮಲಗಿರೋ ಮರಿಯೇ,
ಅಂಚಿನ್ನೂ ಮಡಿಸಿಲ್ಲ, ತೋಳಿನ್ನೂ ಕೂಡಿಲ್ಲ,
ಕೂಗಿದ್ರೆ ಓಗೊಡು, ಇದ್ದೀಯಾ ಮರಿಯೇ?

ಹಾಡು ಇಲ್ಲಿಗೆ ಬಂದಾಗ ಎಲ್ಲರ ಕಾಲೂ ಪೆಡಲಿನ ಮೇಲೆ ನಿಂತುಬಿಡುತ್ತದೆ. ಕೋಣೆ ಗಪ್‌ಚುಪ್. ಆಮೇಲೆ ಕೊನೆಯ ಸಾಲು: ‘ಇದ್ದೀನಿ ಅಮ್ಮ, ಹೊಲಿಯಮ್ಮ ನೀನು.’

"ಅಪ್ಪಟ ಜನಪದ!" ಮೇಡಂ ಹಿಗ್ಗಿದರು. "ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತು. ನಮ್ಮಮ್ಮ. ಇದೇ ಮಷಿನ್ ಮುಂದೆ ಕೂತು ಕಟ್ಟಿದ್ದು."

ತಂಗಿಗೆ ಹುಟ್ಟಿನಿಂದಲೇ ಉಸಿರಿನ ತೊಂದರೆ. ಅಮ್ಮ ಅವಳನ್ನು ಚಿಂದಿ ಬುಟ್ಟಿಯಲ್ಲಿ ಮಲಗಿಸಿಕೊಂಡು ಹೊಲಿಯುತ್ತಿದ್ದಳು. ಹಾಡು ನಿಲ್ಲಿಸುತ್ತಿದ್ದುದು ಅವಳ ಉಸಿರು ಕೇಳಿಸಿಕೊಳ್ಳಲು ಎಂದು ಅಮ್ಮನೇ ಹೇಳಿದ್ದಳು. ಮಾತು ಬರುವ ಮೊದಲೇ ತಂಗಿ ಹೋದಳು. ಅಮ್ಮನೂ ಈಗಿಲ್ಲ. ಅವಳದೆಂದು ಉಳಿದಿರುವುದು ಈ ಹಾಡೊಂದೇ, ಅದನ್ನೂ ಊರ ಪಾಲು ಮಾಡಲು ನಾನು ತಯಾರಿರಲಿಲ್ಲ.

ಮೇಡಂ ಮುಖ ಸಪ್ಪಗಾಯಿತು. "ಹಾಗಾದ್ರೆ ಇದು ಜನಪದ ಆಗಲ್ಲಮ್ಮ. ನಿಮ್ಮಮ್ಮನ ಹೆಸರಲ್ಲಿ ಬೇರೆ ಬರ್ಕೋತೀನಿ. ಕೊನೇ ಸಾಲೂ ಅವರದ್ದೇನಾ?"

"ಅಲ್ಲ. ಅಮ್ಮ ಆ ಪ್ರಶ್ನೆಗೇ ನಿಲ್ಲಿಸ್ಬಿಡ್ತಿದ್ಲು. ಉತ್ತರ ಇವರಲ್ಲಿ ಯಾರೋ ಅಂಟಿಸಿದ್ದು."

"ಹಾಗಿದ್ರೆ ಅದನ್ನ ಬಿಟ್ಟುಬಿಡ್ತೀನಿ."

ಅಂಟಿಸಿದ್ದು ಯಾರು? ಗುಂಡಿಗೆ ಕಾಜಾ ಹಾಕುವವಳು ಇಸ್ತ್ರಿಯವಳ ಕಡೆ ಕೈ ತೋರಿದಳು. ಇಸ್ತ್ರಿಯವಳು, ಬಟ್ಟೆ ಕತ್ತರಿಸುವ, ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯರ ಕಡೆ. ಅಮ್ಮನ ಕಾಲದಿಂದ ಇಲ್ಲಿರುವವರು ದೊಡ್ಡಮ್ಮ ಒಬ್ಬರೇ. ಅವರು ಕತ್ತರಿ ಕೆಳಗಿಟ್ಟರು.

"ನೀನೇ ಅಲ್ವೇನೇ? ನಿನ್ ತಂಗಿ ಹೋದ್ಮೇಲೂ ನಿಮ್ಮಮ್ಮ ಕಾಲ ಹತ್ರ ಬುಟ್ಟಿ ಇಟ್ಕೊಂಡೇ ಹೊಲಿಯೋಳು. ಇದ್ದೀಯಾ ಅಂತ ಕೇಳಿ ಕಾಯೋಳು. ಕೆಳಗಿಂದ ಪುಟ್ಟ ದನಿ ಬರ್ತಿತ್ತು. ಅಮ್ಮನ್ನ ಸಮಾಧಾನ ಮಾಡೋಕೆ ನೀನೇ ಮಷಿನ್ ಮರೇಲಿ ಕೂತು ಹೇಳ್ತಿದ್ದೀಯ ಅಂದ್ಕೊಂಡ್ವಿ. ಆ ಸಾಲು ಕಲ್ತಿದ್ದು ನಿನ್ನಿಂದಾನೇ."

ತಂಗಿ ಹೋದ ಮೇಲೆ ನಾನಿದ್ದದ್ದು ಬೇರೆ ಊರಿನಲ್ಲಿ, ಅಜ್ಜಿಯ ಮನೆಯಲ್ಲಿ. ಅಮ್ಮ ರಜೆಗೆ ಅಲ್ಲಿಗೆ ಬಂದಾಗ ಗುನುಗುತ್ತಿದ್ದಳು, ಪ್ರಶ್ನೆಯವರೆಗೆ ಮಾತ್ರ. ನಾನು ಈ ಕೋಣೆಗೆ ಮೊದಲ ಸಲ ಕಾಲಿಟ್ಟಿದ್ದೇ ಅಮ್ಮ ಸತ್ತ ಮೇಲೆ.

ಅಮ್ಮನ ಹೆಸರು ಬರೆಸಿದರೆ ಆ ಸಾಲು ಬಿಟ್ಟುಹೋಗುತ್ತದೆ. ಬಿಟ್ಟುಹೋದರೆ ಅಮ್ಮ ಮತ್ತೆ ಉತ್ತರವಿಲ್ಲದೆ ಕಾಯುತ್ತ ಕೂರಬೇಕು.

"ಏನಂತ ಬರೀಲಿ?" ಮೇಡಂ ಕೇಳಿದರು.

"ಕಟ್ಟಿದವರು ಗೊತ್ತಿಲ್ಲ ಅಂತಾನೇ ಬರೀರಿ. ಎಲ್ಲಾ ಸಾಲೂ ಬರ್ಕೊಳ್ಳಿ."

ಅಮ್ಮನ ಬುಟ್ಟಿ ಇನ್ನೂ ನನ್ನ ಮಷಿನ್ ಕೆಳಗೇ ಇದೆ. ಬಗ್ಗಿ ನೋಡುವ ಧೈರ್ಯ ಬರಲಿಲ್ಲ. ಒದ್ದುಬಿಟ್ಟೇನು ಎಂದು ಕಾಲನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡೆ.