ಹೂಂಗುಟ್ಟುವವಳು

“ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ಇಲ್ಲಿನ ಮೀನಾಕ್ಷಿ ದೇವಸ್ಥಾನದ ಪುಳಿಯೋಗರೆ ನನ್ನ ಗಂಟಲಲ್ಲಿ ಇಳೀದೇ ಇರ್ಲಿ. ಪ್ರವಾಹ ಬಂದಾಗ ನನ್ನ ಕಾರಿನ ಹಿಂದಿನ ಸೀಟಲ್ಲಿ ಮೊಸಳೆ ಕೂತಿತ್ತು. ಸೀಟ್ ಬೆಲ್ಟ್ ಹಾಕ್ಕೊಂಡು.”

“ಹೂಂ,” ಅಂದಳು ಡೆಲ್ಮಿ, ಬೇಳೆ ಕಡೆಯುತ್ತ.

ಟೆಕ್ಸಸ್ಸಿನ ಪೇರ್ಲ್ಯಾಂಡ್ ಊರಿನ ಈ ಮನೆಯಲ್ಲಿ ರಿಟೈರ್ಡ್ ಡಾಕ್ಟರ್ ತಿಮ್ಮಯ್ಯನವರ ಕಥೆಗಳಿಗೆ ಉಳಿದಿದ್ದ ಒಬ್ಬಳೇ ಗಿರಾಕಿ ಅವಳು. ಹೊಂಡುರಾಸ್ ದೇಶದವಳು, ಅವರ ಹೆಂಡತಿ ಉಷಾರಾಣಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವಳು. ಉಷಾರಾಣಿ ಮಲಗಿದಲ್ಲಿಂದಲೇ ಅವಳಿಗೆ ಸಾರು ಮಾಡುವುದನ್ನೂ ಯಜಮಾನರ ಕಥೆಗೆ ಹೂಂಗುಟ್ಟುವುದನ್ನೂ ಕಲಿಸಿ ಕಣ್ಣು ಮುಚ್ಚಿದರು. ಹೂಂ ಅನ್ನದಿದ್ದರೆ ಕಥೆ ನಿಲ್ಲುತ್ತದೆ, ಕಥೆ ನಿಂತರೆ ಅವರು ಊಟ ಬಿಡುತ್ತಾರೆ ಎಂದಿದ್ದರು.

ಅವಳ ದೇಶವನ್ನು ಚಂಡಮಾರುತ ಕೊಚ್ಚಿಕೊಂಡು ಹೋದಾಗ ಅಮೆರಿಕ ಅವಳಂಥವರಿಗೆ ‘ಸದ್ಯಕ್ಕೆ ಇಲ್ಲೇ ಇರಿ’ ಅಂದಿತ್ತು. ಆ ಸದ್ಯ ಎಳೆದೂ ಎಳೆದೂ, ಅದರೊಳಗೇ ಅವಳಿಗೆ ಮಗಳು ಹುಟ್ಟಿ, ಓದಿ, ಆಸ್ಟಿನ್‌ನಲ್ಲಿ ಟೀಚರ್ ಆದಳು. ಈಗ ಸರ್ಕಾರ ಆ ಸದ್ಯವನ್ನೇ ತೆಗೆದು ಅವರನ್ನೆಲ್ಲ ವಾಪಸ್ ಕಳಿಸುತ್ತದಂತೆ. ಕೋರ್ಟು ಇವತ್ತು ಬೇಡ ಅನ್ನುತ್ತದೆ, ನಾಳೆ ಹೂಂ ಅನ್ನುತ್ತದೆ. ಡೆಲ್ಮಿ ಕಾಯುತ್ತ ಕೂರಲಿಲ್ಲ. ಕಾರನ್ನು ಮಗಳ ಹೆಸರಿಗೆ ಮಾಡಿದಳು. ಮೆಣಸಿನ ಗಿಡಗಳನ್ನು ಪಕ್ಕದ ಮನೆಗೆ ಕೊಟ್ಟಳು. ಆಮೇಲೆ ತಿಮ್ಮಯ್ಯನವರ ಕೈಗೆ ಸೌಟು ಕೊಟ್ಟು ಒಲೆ ಮುಂದೆ ನಿಲ್ಲಿಸಿದಳು.

“ಕೊತ್ತಂಬರಿ ಕೊನೆಗೆ, ಡಾಕ್ಟ್ರೇ. ಅಮ್ಮ ಹಂಗೇ ಹೇಳಿದ್ದು.”

ಹೆಂಡತಿಯ ಸಾರನ್ನು ಹೊಂಡುರಾಸಿನವಳಿಂದ ಕಲಿಯಬೇಕಾಯಿತಲ್ಲ ಎಂದು ಅವರಿಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು.

ಕಥೆ ಮುಂದುವರಿಸಿದರು. ಮೊಸಳೆಯ ಬಿ.ಪಿ. ನೋಡಿದರಂತೆ, ಇನ್ನೂರು ಇತ್ತಂತೆ. ಹೂಂ. ಉಪ್ಪು ಕಡಿಮೆ ಮಾಡು ಅಂದರಂತೆ. ಹೂಂ. ಅದೇ ದನಿಯಲ್ಲಿ, ಸಾರಿನಿಂದ ಕಣ್ಣೆತ್ತದೆ, ನಡುವೆ ಒಂದು ಮಾತು ಸೇರಿಸಿದರು.

“ಅವರು ಕಳಿಸೋಕೆ ಮುಂಚೆ ನೀನೇ ಹೋಗ್ಬಿಡ್ತೀಯೇನಮ್ಮಾ?”

“ಹೂಂ.”

ಅದು ಕಥೆಗೆ ಅಂದ ಹೂಂ ಇರಬಹುದು. ಅವಳ ಕನ್ನಡ ಅಡುಗೆಮನೆ ದಾಟಿದ್ದಲ್ಲ. ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿದ್ದರೆ ಗೊತ್ತಾಗುತ್ತಿತ್ತು. ತಿಮ್ಮಯ್ಯ ಕೇಳಲಿಲ್ಲ.

ಹೊರಗೆ ಕಾರಿನ ಹಾರ್ನ್ ಆಯಿತು. ಆಸ್ಟಿನ್‌ನಿಂದ ಮಗಳು ಬಂದಿದ್ದಳು. ಡೆಲ್ಮಿ ಒಲೆ ಸಣ್ಣ ಮಾಡಿ ಏಪ್ರನ್ ಬಿಚ್ಚಿದಳು. ದಿನಾ ಮೊಳೆಗೆ ಸಿಕ್ಕಿಸಿ ಹೋಗುವವಳು ಅವತ್ತು ಅದನ್ನು ಮಡಿಸಿ, ಸಾರಿನ ಪುಡಿ ಡಬ್ಬಿಯ ಪಕ್ಕ ಇಟ್ಟಳು.

ತಿಮ್ಮಯ್ಯ ದನಿ ಏರಿಸಿದರು. “ಇರು, ಕೇಳು. ಇದಂತೂ ಪೂರ್ತಿ ನಿಜ. ಆ ಮೊಸಳೆ ಇಳೀವಾಗ ಬಾಗಿಲು ಹಿಡ್ಕೊಂಡು, ತಿರುಗಿ ನನ್ನ ಮುಖ ನೋಡಿ, ಏನು ಹೇಳ್ತು ಅಂದ್ರೆ…”

ಮುಂಬಾಗಿಲು ಮುಚ್ಚಿಕೊಂಡಿತು.

ಸೌಟು ಹಿಡಿದು ಅವರು ಕಾದರು. ಸಾರು ಸಣ್ಣಗೆ ಕುದಿಯುತ್ತಿತ್ತು. ಹೆಚ್ಚಿದ ಕೊತ್ತಂಬರಿ ಇನ್ನೂ ಹಲಗೆಯ ಮೇಲೇ ಇತ್ತು.